ಮಾತ್ರೆಯಿಲ್ಲದೆ ಒಪಿಯಾಯ್ಡ್ ಬಿಡುವುದು: ಎರಡನೇ ವಾರಕ್ಕೂ ಮೊದಲೇ ತಯಾರಿ ಬೇಕು

ಒಪಿಯಾಯ್ಡ್ ಎಂದರೆ ಅಫೀಮಿನ ಬಗೆಯ ಮದ್ದು. ಅದು ಹೆರಾಯಿನ್ ಇರಲಿ, ಬಲವಾದ ನೋವಿನ ಮಾತ್ರೆಯಿರಲಿ, ಬಿಡಲು ಹೊರಟವರಿಗೆ ಮೊದಲ ವಾರದ್ದೇ ಭಯ. ಜೀವಕ್ಕೆ ಹೆಚ್ಚು ಕುತ್ತು ಬರುವುದು ಅದು ಕಳೆದ ಮೇಲೆ. ಕೆಲವೇ ದಿನ ಬಿಟ್ಟರೂ ದೇಹದ ತಾಳಿಕೆ ಇಳಿದಿರುತ್ತದೆ. ಹಳೆಯ ಅಳತೆಯನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬರೀ ಡಿಟಾಕ್ಸ್, ಅಂದರೆ ಮದ್ದು ನಿಲ್ಲಿಸಿ ದೇಹದಿಂದ ಇಳಿಸುವುದು, ಇಷ್ಟನ್ನೇ ಮಾಡಿಸಿ ಮನೆಗೆ ಕಳಿಸಿದರೆ ಸಾಲದು ಎನ್ನುವುದು ಇದಕ್ಕೇ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಸಾವು ತಡೆಯುವುದರಲ್ಲಿ, ಈ ಚಟಕ್ಕೆ ವೈದ್ಯರು ಕೊಡುವ ಮೆಥಡೋನ್, ಬ್ಯುಪ್ರೆನಾರ್ಫಿನ್ ಔಷಧಗಳಷ್ಟು ಪುರಾವೆ ಇರುವ ಚಿಕಿತ್ಸೆ ಬೇರೊಂದಿಲ್ಲ. ಈಗಾಗಲೇ ಅವುಗಳ ಮೇಲಿದ್ದು ನೆಟ್ಟಗಿರುವವರು 'ಅದೂ ಒಂದು ಚಟವೇ' ಎಂಬ ಮಾತು ಕೇಳಿ ನಿಲ್ಲಿಸಬಾರದು. ಕೆಳಗಿನದು ಈ ಮಾತ್ರೆ ಸಿಗದವರಿಗೆ, ಒಗ್ಗದವರಿಗೆ, ತಿಳಿದೇ ಬೇಡ ಎಂದವರಿಗೆ.

ಗರ್ಭಿಣಿಯರು ದಿಢೀರನೆ ಬಿಡಬಾರದು, ಮಗುವಿಗೆ ಅಪಾಯ. ಜೊತೆಗೆ ಮದ್ಯವನ್ನೋ ನಿದ್ದೆ ಮಾತ್ರೆಯನ್ನೋ ದಿನವೂ ಬಳಸುವವರಿಗೆ ಅವುಗಳನ್ನು ನಿಲ್ಲಿಸಿದಾಗ ಫಿಟ್ಸ್ ಬರಬಹುದು. ಈ ಇಬ್ಬರೂ ಆಸ್ಪತ್ರೆಯಲ್ಲೇ ಶುರು ಮಾಡಬೇಕು. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವರ್ಷಕ್ಕಿಂತ ಹೆಚ್ಚು ಕಾಲ ನುಂಗಿದವರಾದರೆ, ಅವರದೇ ನಿಗಾದಲ್ಲಿ ತಿಂಗಳಿಗೆ ಸುಮಾರು ಶೇ. 10ರಷ್ಟು ಇಳಿಸುತ್ತ ಬರುವುದು ದೇಹಕ್ಕೆ ಹಗುರ.

ಹೆರಾಯಿನ್‌ನಂಥ ಅಲ್ಪಾವಧಿಯ ಒಪಿಯಾಯ್ಡ್ ನಿಲ್ಲಿಸಿದ 8ರಿಂದ 24 ಗಂಟೆಗಳಲ್ಲಿ ಆಕಳಿಕೆ, ಮೂಗು ಸೋರುವುದು, ಮೈಕೈ ಸೆಳೆತ ಶುರುವಾಗುತ್ತವೆ. ಎರಡು-ಮೂರನೇ ದಿನ ತೀರಾ ಜೋರು. 4ರಿಂದ 10 ದಿನಗಳಲ್ಲಿ ತಗ್ಗುತ್ತವೆ. ವಾಂತಿ-ಭೇದಿಯಿಂದ ನೀರು ಕಳೆದುಕೊಳ್ಳುವುದೇ ಆಗಿನ ದೊಡ್ಡ ತೊಂದರೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಕುಡಿದದ್ದೂ ನಿಲ್ಲದಿದ್ದರೆ, ಮೂತ್ರ ಹೋಗದಿದ್ದರೆ, ಎಚ್ಚರ ತಪ್ಪುವಂತಿದ್ದರೆ ಡ್ರಿಪ್ ಬೇಕು, ಆಸ್ಪತ್ರೆಗೆ ಹೋಗಿ.

ಮುಂದಿನದು ನಿಜವಾದ ಚಿಕಿತ್ಸೆ. ಔಷಧವಿಲ್ಲದ ವಿಧಾನಗಳಲ್ಲಿ ಹೆಚ್ಚು ಪುರಾವೆ ಇರುವುದು ಬಹುಮಾನ ಪದ್ಧತಿಗೆ, ಆದರೂ ಬಹಳ ಕಡೆ ಇದನ್ನೇ ಕಡೆಗಣಿಸುತ್ತಾರೆ. ಮಾಡುವ ಕ್ರಮ ಹೀಗೆ: ಒಂದು ಬಟ್ಟಲಲ್ಲಿ 500 ಚೀಟಿ. 250ರಲ್ಲಿ ಬರೀ 'ಭೇಷ್', 209ರಲ್ಲಿ ಚಿಕ್ಕ ಬಹುಮಾನ, 40ರಲ್ಲಿ ದೊಡ್ಡದು, ಒಂದರಲ್ಲಿ ಭಾರೀ ಬಹುಮಾನ. ವಾರಕ್ಕೆ ಎರಡು-ಮೂರು ಬಾರಿ ಮೂತ್ರ ಪರೀಕ್ಷೆ. ಶುದ್ಧ ಬಂದರೆ ಒಂದು ಚೀಟಿ, ಮುಂದಿನದೂ ಶುದ್ಧವಾದರೆ ಎರಡು, ಹೀಗೆ ಏರುತ್ತದೆ. ತಪ್ಪಿದರೆ ಮತ್ತೆ ಒಂದಕ್ಕೆ. ಬೈಗುಳ ಬೇಡ, ಉಪದೇಶವೂ ಬೇಡ. ಕೆಡುವುದು ಮೂರು ಕಡೆ: ಬಹುಮಾನ ಕೈಗೆ ಬರುವುದು ತಡವಾದರೆ ಆಟಕ್ಕೆ ಅರ್ಥವಿಲ್ಲ, ವಾರಕ್ಕೆ ಒಂದೇ ಪರೀಕ್ಷೆಯಾದರೆ ನಡುವಿನ ಬಳಕೆ ಸಿಗದೆ ಹೋಗುತ್ತದೆ, ಮೂತ್ರ ಪರೀಕ್ಷೆಯ ಸಾಧಾರಣ ಓಪಿಯೇಟ್ ಪಟ್ಟಿಗೆ ಫೆಂಟನಿಲ್ ಎಂಬ ಪ್ರಬಲ ಒಪಿಯಾಯ್ಡ್ ಕಾಣುವುದಿಲ್ಲ, ಅದಕ್ಕೆ ಬೇರೆ ಪಟ್ಟಿ ಬೇಕು. ಬಹುಮಾನ ನಿಂತ ಮೇಲೆ ಫಲವೂ ಸೊರಗಬಹುದು, ಆದ್ದರಿಂದ ಇದರ ಜೊತೆಗೇ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ನಡೆಯಬೇಕು.

ಅದರಲ್ಲಿ ಕಲಿಯುವ ಮುಖ್ಯ ಕೆಲಸ, ಮತ್ತೆ ಬಳಸಬೇಕೆನ್ನುವ ತುಡಿತದ ಜಾಡು ಹಿಡಿಯುವುದು. ತುಡಿತ ಎದ್ದಾಗಲೆಲ್ಲ ಹೊತ್ತು, ಜಾಗ, ಜೊತೆಗಿದ್ದವರು, 0ಯಿಂದ 10ರೊಳಗೆ ಅದರ ಬಿರುಸು, ಇಷ್ಟನ್ನು ಬರೆದಿಡಿ. ಹತ್ತು-ಹದಿನೈದು ದಿನಕ್ಕೆ ಅದರ ಜಾಡು ಸಿಕ್ಕಿಬಿಡುತ್ತದೆ: ಸಂಬಳದ ದಿನ, ಒಂದು ರಸ್ತೆ, ಒಂದು ಫೋನ್ ನಂಬರ್. ನಂಬರ್ ಅಳಿಸಿ, ದಾರಿ ಬದಲಿಸಿ, ಹಣ ಬೇರೆಯವರ ಕೈಗೆ ಕೊಡಿ. ಎದುರಾದ ತುಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಅದರೊಂದಿಗೆ ಕುಸ್ತಿಗೆ ಇಳಿಯದೆ ಎದೆಯಲ್ಲೋ ಹೊಟ್ಟೆಯಲ್ಲೋ ಎಲ್ಲಿ ಹಿಂಡುತ್ತದೆಂದು ನೋಡುತ್ತ ಉಸಿರಾಡಿ, ಆ ಹೊತ್ತಲ್ಲಿ ಒಬ್ಬರಿಗೆ ಕರೆ ಮಾಡಿ. ನಿದ್ದೆಗೇಡು ಮಾತ್ರ ತಿಂಗಳುಗಟ್ಟಲೆ ಕಾಡೀತು; ರಾತ್ರಿಯ ತುಡಿತಕ್ಕೆ ಬೇರೆಯದೇ ತಯಾರಿ ಇರಲಿ.

ಚಟ ಬಿಡುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ನಾರ್ಕೋಟಿಕ್ಸ್ ಅನಾನಿಮಸ್‌ನಂಥ ಗುಂಪುಗಳು ಖರ್ಚಿಲ್ಲದ ಆಸರೆ. ಆದರೆ ಕೆಲವು ಗುಂಪುಗಳಲ್ಲಿ ಚಿಕಿತ್ಸೆಯ ಮಾತ್ರೆ ತೆಗೆದುಕೊಳ್ಳುವವರನ್ನು ಹೀಗಳೆಯುವುದುಂಟು. ಅಂಥದ್ದಾದರೆ ಬೇರೆ ಗುಂಪು ಹುಡುಕಿ. ಕಿವಿಯ ಅಕ್ಯುಪಂಕ್ಚರ್‌ನಿಂದ ಹಾನಿ ಕಡಿಮೆ, ಫಲದ ಪುರಾವೆ ತೆಳು. ಐಬೊಗೇನ್ ಎಂಬ ಭ್ರಮೆ ತರಿಸುವ ಮದ್ದು, ಅರಿವಳಿಕೆ ಕೊಟ್ಟು ಮಾಡುವ 'ಕ್ಷಿಪ್ರ ಡಿಟಾಕ್ಸ್', ಭೇದಿಗೆ ಕೊಡುವ ಲೋಪೆರಮೈಡ್ ಅನ್ನು ಹಿಡಿಗಟ್ಟಲೆ ನುಂಗುವುದು, ಮೂರರಿಂದಲೂ ಜನ ಸತ್ತಿದ್ದಾರೆ. ಹತ್ತಿರ ಸುಳಿಯಬೇಡಿ.

ಒಪಿಯಾಯ್ಡ್ ಅತಿಯಾಗಿ ಉಸಿರು ನಿಲ್ಲುವಾಗ ಅದರ ಪರಿಣಾಮ ತಿರುಗಿಸುವ ಮದ್ದು ನಲಾಕ್ಸೋನ್ ಅನ್ನು ಮನೆಯಲ್ಲಿ ಇಟ್ಟಿರಿ. ಕರೆದರೆ ಓಗೊಡದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದರೆ ಮೂಗಿಗೆ ಒಂದು ಸ್ಪ್ರೇ ಕೊಟ್ಟು ಆಂಬುಲೆನ್ಸ್ ಕರೆಯಿರಿ; ಉಸಿರಾಡದಿದ್ದರೆ ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡಿ; 2-3 ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ದರೆ ಇನ್ನೊಂದು ಸ್ಪ್ರೇ. ಎಚ್ಚರವಾದರೂ ಒಬ್ಬರನ್ನೇ ಬಿಡಬೇಡಿ, ಒಪಿಯಾಯ್ಡ್‌ಗಿಂತ ಮೊದಲೇ ನಲಾಕ್ಸೋನ್ ಇಳಿದುಹೋಗಬಹುದು.

ಇಷ್ಟೆಲ್ಲ ಮಾಡಿಯೂ ಬಳಕೆ ಮರುಕಳಿಸಿದರೆ ಇದೇ ದಾರಿಯಲ್ಲಿ ಮತ್ತೊಂದು ಡಿಟಾಕ್ಸ್‌ಗೆ ಹೊರಡುವ ಮುನ್ನ ವೈದ್ಯರೊಂದಿಗೆ ಬ್ಯುಪ್ರೆನಾರ್ಫಿನ್ ಮಾತು ತೆಗೆಯಿರಿ. ಚೀಟಿಯ ಬಟ್ಟಲು, ತುಡಿತದ ಪುಸ್ತಕ, ಗುಂಪು, ಯಾವುದನ್ನೂ ಅದಕ್ಕಾಗಿ ಬಿಡಬೇಕಿಲ್ಲ.