ಕರ್ನಲ್‌ನ ಒಂದು ಡಬಲ್ ಫ್ರೀ: ಅರ್ಥ ಮಾಡಿಕೊಂಡದ್ದು, ತಡೆದದ್ದು

ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ ಸಿವಿಇ. ಅದರಲ್ಲಿ ಸಿವಿಇ-2024-1086ರ ಸೂಚನೆ 2024ರ ಜನವರಿ ಕೊನೆಯಲ್ಲಿ ಬಂತು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಫೈರ್‌ವಾಲ್ ನೋಡಿಕೊಳ್ಳುವ ಎನ್‌ಎಫ್‌ಟೇಬಲ್ಸ್ ಭಾಗದಲ್ಲಿ ಯೂಸ್ ಆಫ್ಟರ್ ಫ್ರೀ (ಬಿಟ್ಟುಕೊಟ್ಟ, ಅಂದರೆ ಫ್ರೀ ಮಾಡಿದ ಮೆಮೊರಿಯನ್ನು ಮತ್ತೆ ಬಳಸುವ ದೋಷ), ಸಾಮಾನ್ಯ ಬಳಕೆದಾರ ಎಲ್ಲ ಅಧಿಕಾರವಿರುವ ರೂಟ್ ಆಗಿಬಿಡಬಹುದು ಅಂತ. ಇಂಥವು ಬರುತ್ತಲೇ ಇರುತ್ತವೆ. ಪ್ರತಿ ಸಲವೂ ಓಡೋಡಿ ಸರ್ವರ್ ರೀಬೂಟ್ ಮಾಡಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಸೂಚನೆಗಿಂತ ಮೊದಲು ಪ್ಯಾಚ್, ಅಂದರೆ ದೋಷ ಸರಿಪಡಿಸುವ ಕೋಡ್ ಬದಲಾವಣೆ, ಓದುತ್ತೇನೆ.

ಪ್ಯಾಚ್ ಪುಟ್ಟದು. ಫೈರ್‌ವಾಲ್ ನಿಯಮ ಪ್ಯಾಕೆಟ್‌ಗೆ ಕೊಡುವ ತೀರ್ಪು 32 ಬಿಟ್‌ಗಳ ಒಂದು ಸಂಖ್ಯೆ. ಕೆಳಗಿನ ಬಿಟ್‌ಗಳಲ್ಲಿ 0 ಇದ್ದರೆ ಡ್ರಾಪ್ (ಎಸೆ), 1 ಇದ್ದರೆ ಆಕ್ಸೆಪ್ಟ್ (ಬಿಡು). ಡ್ರಾಪ್ ಮಾಡುವಾಗ ಮೇಲಿನ 16 ಬಿಟ್‌ಗಳಲ್ಲಿ ಎರರ್ ಸಂಖ್ಯೆಯನ್ನೂ ಇಡಬಹುದಿತ್ತು. ನಿಯಮ ಸೇರಿಸುವಾಗ ಕರ್ನಲ್ ಕೆಳಗಿನ ಬಿಟ್‌ಗಳನ್ನಷ್ಟೇ ಪರೀಕ್ಷಿಸುತ್ತಿತ್ತು. ಮೇಲಿನ 16ರ ತುಂಬ 1 ತುಂಬಿ ಡ್ರಾಪ್ ಕೊಟ್ಟರೆ ಏನಾಗುತ್ತದೆ ನೋಡಿ. ಕರ್ನಲ್ ಮೊದಲು ಪ್ಯಾಕೆಟ್‌ನ ಮೆಮೊರಿಯನ್ನು ಫ್ರೀ ಮಾಡುತ್ತದೆ. ಎಲ್ಲ ಬಿಟ್ 1 ಇರುವ ಆ ಎರರ್ ಲೆಕ್ಕದಲ್ಲಿ -1, ಆಮೇಲೆ ಅದರ ಚಿಹ್ನೆ ತಿರುವಿದಾಗ ಬರುವ ಉತ್ತರ 1. ಕರೆದ ಫಂಕ್ಷನ್‌ಗೆ 1 ಅಂದರೆ ಆಕ್ಸೆಪ್ಟ್. ಅದು ಸತ್ತ ಪ್ಯಾಕೆಟ್ಟನ್ನೇ ಮುಂದಕ್ಕೆ ಕಳಿಸುತ್ತದೆ, ಮುಂದೆಲ್ಲೋ ಅದು ಮತ್ತೆ ಫ್ರೀ ಆಗುತ್ತದೆ. ಇದೇ ಡಬಲ್ ಫ್ರೀ. ಎರಡು ಸಲ ಫ್ರೀ ಆದ ಜಾಗವನ್ನು ಮೆಮೊರಿ ಹಂಚುವ ಅಲೊಕೇಟರ್ ಇಬ್ಬರಿಗೆ ಕೊಟ್ಟುಬಿಡಬಹುದು. ಒಬ್ಬ ಬರೆದದ್ದನ್ನು ಇನ್ನೊಬ್ಬ ತನ್ನದೇ ಎಂದು ನಂಬುತ್ತಾನೆ. ದಾಳಿಗೆ ಬೇಕಾದ್ದು ಅಷ್ಟೇ.

ಓದಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಪ್ಯಾಚ್ ಇಲ್ಲದ ಕರ್ನಲನ್ನು ಕೇಸ್ಯಾನ್ ಎಂಬ ಮೆಮೊರಿ ದೋಷ ಹಿಡಿಯುವ ಸಾಧನ ಸೇರಿಸಿ ಕಂಪೈಲ್ ಮಾಡಿ, ಹೊರಗಿನ ನೆಟ್‌ವರ್ಕ್ ಇಲ್ಲದ ವರ್ಚುವಲ್ ಮಷೀನ್‌ನಲ್ಲಿ ಓಡಿಸಿದೆ. ಕೇಸ್ಯಾನ್ ಫ್ರೀ ಆದ ಮೆಮೊರಿಯನ್ನು ತಕ್ಷಣ ಮರುಬಳಕೆಗೆ ಬಿಡದೆ ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತದೆ, ಅದನ್ನು ಯಾರಾದರೂ ಮುಟ್ಟಿದರೆ ಕೂಗುತ್ತದೆ. ವರದಿಯಲ್ಲಿ ಆ ಜಾಗ ಎಲ್ಲಿ ಹುಟ್ಟಿತು, ಎಲ್ಲಿ ಫ್ರೀ ಆಯಿತು, ಆಮೇಲೆ ಯಾರು ಮುಟ್ಟಿದರು ಅಂತ ಮೂರು ಸ್ಟ್ಯಾಕ್‌ಗಳಿರುತ್ತವೆ, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಗಳು. ನಾನಂತೂ ಫ್ರೀ ಆದ ಸ್ಟ್ಯಾಕನ್ನೇ ಮೊದಲು ಓದುತ್ತೇನೆ. ಪ್ಯಾಚ್ ಹಾಕಿದ ಮೇಲೆ ಅದೇ ನಿಯಮ ಸೇರಲೇ ಇಲ್ಲ, ಎರರ್ ಬಂತು. ಕೇಸ್ಯಾನ್ ಮೆಮೊರಿಯನ್ನೂ ವೇಗವನ್ನೂ ಜಾಸ್ತಿ ತಿನ್ನುತ್ತದೆ, ಅದನ್ನು ನಿಜವಾದ ಸರ್ವರ್‌ಗೆ ಹಾಕಬೇಡಿ.

ನನಗೆ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಬೇರೆ. ಫೈರ್‌ವಾಲ್ ನಿಯಮ ಬರೆಯಲು ನೆಟ್‌ವರ್ಕ್ ಅಡ್ಮಿನ್ ಅಧಿಕಾರ ಬೇಕು. ಸಾಮಾನ್ಯ ಬಳಕೆದಾರನಿಗೆ ಅದು ಎಲ್ಲಿಂದ ಬಂತು? ಯೂಸರ್ ನೇಮ್‌ಸ್ಪೇಸ್‌ನಿಂದ, ಅಂದರೆ ಬಳಕೆದಾರರಿಗೂ ಅಧಿಕಾರಗಳಿಗೂ ಕರ್ನಲ್ ಕೊಡುವ ಪ್ರತ್ಯೇಕ ಆವರಣದಿಂದ. ತನ್ನದೇ ನೇಮ್‌ಸ್ಪೇಸ್ ತೆರೆದರೆ ಅದರೊಳಗೆ ಅವನೇ ರಾಜ. ಅಧಿಕಾರ ಒಳಗಿನದ್ದಷ್ಟೇ, ಆದರೆ ಅದರಿಂದ ಓಡುವ ಕೋಡ್ ಇಡೀ ಯಂತ್ರದ ಕರ್ನಲ್‌ನದು.

ಹಾಗಾಗಿ ರೀಬೂಟ್‌ಗೆ ಸಮಯ ಸಿಗುವವರೆಗೆ ಹಲವರು ಲಾಗಿನ್ ಆಗುವ ಸರ್ವರ್‌ಗಳಲ್ಲಿ ಯೂಸರ್ ನೇಮ್‌ಸ್ಪೇಸ್‌ಗಳ ಗರಿಷ್ಠ ಸಂಖ್ಯೆಯನ್ನು ಕರ್ನಲ್‌ನ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್‌ನಲ್ಲಿ 0 ಮಾಡಿದೆ. ಡೆಬಿಯನ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಮಾತ್ರ ನಿಲ್ಲಿಸುವ ಸ್ವಿಚ್ ಬೇರೆಯೇ ಇದೆ. ರೂಟ್ ಇಲ್ಲದೆ ಓಡುವ ಕಂಟೇನರ್‌ಗಳು (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿಗಳು) ಈ ನೇಮ್‌ಸ್ಪೇಸ್ ಇಲ್ಲದೆ ನಿಂತುಹೋದವು, ಒಂದಿಬ್ಬರು ಗೊಣಗಿದರು. ಎನ್‌ಎಫ್‌ಟೇಬಲ್ಸ್ ಮಾಡ್ಯೂಲನ್ನೇ ತಡೆಯುವುದು ಇನ್ನೊಂದು ದಾರಿ. ನಮ್ಮ ಫೈರ್‌ವಾಲೇ ಅದರ ಮೇಲೆ ನಿಂತಿದ್ದರಿಂದ ಅದನ್ನು ಬಿಟ್ಟೆ.

ಮಾರ್ಚ್‌ನಲ್ಲಿ ದಾಳಿಯ ಕೋಡ್ ಎಲ್ಲರ ಕೈಗೂ ಸಿಕ್ಕಿತು. ಮೇ ಕೊನೆಯಲ್ಲಿ ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದನ್ನು ನಿಜವಾಗಿ ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಅಷ್ಟರೊಳಗೆ ಹೊಸ ಕರ್ನಲ್ ಹಾಕಿ ಮುಗಿಸಿದ್ದೆವು. ಕರ್ನಲ್ ಆವೃತ್ತಿ ಸಂಖ್ಯೆಯನ್ನು ನೋಡಿ ಸುಮ್ನೆ ಗಾಬರಿಯಾಗಬೇಡಿ, ಡೆಬಿಯನ್‌ನಂಥ ಡಿಸ್ಟ್ರೋಗಳು ಹಳೆಯ ಆವೃತ್ತಿಗೇ ಪ್ಯಾಚ್ ತಂದು ಹಾಕುತ್ತವೆ. ಪ್ಯಾಕೇಜ್‌ನ ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆ ಹುಡುಕಿ. ಆಮೇಲೆ ಯುನೇಮ್ ಕಮಾಂಡ್ ಕೊಟ್ಟು ಈಗ ಓಡುತ್ತಿರುವುದು ಯಾವ ಕರ್ನಲ್ ಎಂದು ನೋಡಿ. ಪ್ಯಾಕೇಜ್ ಬಂದರೂ ರೀಬೂಟ್ ಆಗುವವರೆಗೆ ಓಡುವುದು ಹಳೆಯದೇ.

ಡೆವಲಪರ್‌ಗಳ ಯಂತ್ರಗಳಲ್ಲಿ ನೇಮ್‌ಸ್ಪೇಸ್ ಮುಟ್ಟಿರಲಿಲ್ಲ, ವೆಬ್ ಪುಟಗಳ ಕೋಡನ್ನು ಬೇರೆಯಾಗಿಡುವ ಬ್ರೌಸರ್‌ನ ಸ್ಯಾಂಡ್‌ಬಾಕ್ಸ್‌ಗೂ ಅದು ಬೇಕು. ಸರ್ವರ್‌ಗಳಲ್ಲಿ ಮಾತ್ರ ಇವತ್ತಿಗೂ 0 ಆಗಿಯೇ ಇದೆ. ಕಂಟೇನರ್ ಬೇಕು ಎಂದವರಿಗೆ ಬೇರೆ ಯಂತ್ರ ಕೊಟ್ಟಿದ್ದೇವೆ.