ಕೋವಿಗೆ ಬಣ್ಣ ಹೊಡೆಸುವ ಮುನ್ನ ಬೆಸುಗೆ ನೋಡಿ

ಆಯುಧಪೂಜೆಗೆಂದು ಬೀರುವಿನಿಂದ ಕೋವಿ ತೆಗೆದಾಗ ನಳಿಗೆಯ ಮೇಲೆ ಕಂದು ಚುಕ್ಕೆ ಕಂಡರೆ, ಬೆಂಗಳೂರಿನಲ್ಲಿ ಬಹಳ ಜನರಿಗೆ ಥಟ್ಟನೆ ಹೊಳೆಯುವುದು ಕೈಗಾರಿಕಾ ಪ್ರದೇಶ ಪೀಣ್ಯ: ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಒಲೆಯಲ್ಲಿ ಬೇಯಿಸುವುದು) ಮಾಡಿಸಿಬಿಟ್ಟರೆ ಆಯಿತು ಅಂತ. ಗೇಟಿಗೆ ಅದು ಸರಿ, ಕೋವಿಗೆ ಬೇಡ.

ಬಣ್ಣದ ಯೋಚನೆಗೂ ಮೊದಲು ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಚುಕ್ಕೆಯ ಮೇಲೆ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಆಮೇಲೆ 0000 ನಂಬರಿನ ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿ. ಕಂದು ಹೋಗಿ ಕೆಳಗಿನ ಕಪ್ಪು-ನೀಲಿ ಉಳಿದರೆ ಕೆಲಸ ಮುಗಿದಂತೆ. ಉಗುರು ಸಿಕ್ಕಿಕೊಳ್ಳುವಷ್ಟು ಕುಳಿ ಬಿದ್ದಿದ್ದರೆ ಯಾವ ಬಣ್ಣವೂ ಅದನ್ನು ತುಂಬುವುದಿಲ್ಲ. ಕುಳಿ ಹೋಗುವವರೆಗೆ ಉಜ್ಜಿಸಿದರೆ ನಳಿಗೆಯೇ ತೆಳ್ಳಗಾಗುತ್ತದೆ.

ಹಳೇ ಜೋಡಿ ನಳಿಗೆಯ ಕೋವಿಯನ್ನು ಬೆಳಕಿಗೆ ಹಿಡಿದು ಮೇಲಿನಿಂದ ನೋಡಿ. ಎರಡು ನಳಿಗೆಗಳ ನಡುವೆ ಓಡುವ ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳ್ಳಿ ಬಣ್ಣದ ಗೆರೆ ಕಂಡರೆ ಅದು ಸೀಸ-ತವರದ ಬೆಸುಗೆ. ಈ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಲು ಶುರುವಾಗುತ್ತದೆ. ಪೌಡರ್ ಕೋಟಿಂಗ್ ಒಲೆಯ ಬಿಸಿ 180ರಿಂದ 200. ಪಟ್ಟಿ ಒಂದು ಕಡೆ ಎದ್ದರೂ ಒಳಗೆ ನೀರು ಕೂತು, ಕಣ್ಣಿಗೆ ಕಾಣದ ಜಾಗದಲ್ಲಿ ತುಕ್ಕು ತಿನ್ನುತ್ತದೆ. ಬಿಸಿ ದ್ರಾವಣದಲ್ಲಿ ಅದ್ದಿ ಕಪ್ಪು-ನೀಲಿ ಬಣ್ಣ ಹಿಡಿಸುವ ಬಿಸಿ ಬ್ಲೂಯಿಂಗ್ ಕೂಡ ಇಂಥ ಕೋವಿಗೆ ಆಗದು. ಅದರ ತಾಪ 140ರ ಆಸುಪಾಸಿನಲ್ಲಿದ್ದರೂ ಕಾಸ್ಟಿಕ್ ಸೋಡಾ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ.

ಜೋಡಿ ನಳಿಗೆಗೆ ಒಪ್ಪುವುದು ನಿಧಾನದ ರಸ್ಟ್ ಬ್ಲೂಯಿಂಗ್. ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲಿನ ಪುಡಿ ಉಜ್ಜಿ ತೆಗೆದು ಮತ್ತೆ ಅದನ್ನೇ ಐದಾರು ಸಲ ಮಾಡಬೇಕು. ದಿನಗಟ್ಟಲೆ ಹಿಡಿಯುವ ಕೆಲಸ, ಆದರೆ ಬಿಸಿ ನೂರು ದಾಟುವುದಿಲ್ಲ. ನಮ್ಮ ಮಳೆಗಾಲದ ತೇವ ಉಪಕಾರಕ್ಕೆ ಬರುವುದು ಇದೊಂದಕ್ಕೇ!

ಸೆರಾಕೋಟ್‌ನಂಥ ಸೆರಾಮಿಕ್ ಲೇಪದಲ್ಲಿ ಒಲೆಯಲ್ಲಿ ಒಣಗಿಸುವ ಜಾತಿಯದಕ್ಕೆ ಸುಮಾರು 120 ಡಿಗ್ರಿ, ಎರಡು ಗಂಟೆ ಸಾಕು. ಅಲ್ಲಿ ಅಪಾಯ ಬಿಸಿಯದಲ್ಲ, ಮರಳು ಹೊಡೆಯುವುದರದ್ದು. ಲೇಪ ಹಿಡಿಯಲೆಂದು 100 ಗ್ರಿಟ್ ಅಲ್ಯೂಮಿನಿಯಂ ಆಕ್ಸೈಡ್ ಹೊಡೆಯುತ್ತಾರೆ. ಹಳೇ ಕೋವಿಯ ಸವೆದ ನಂಬರ್ ಅದರಲ್ಲಿ ಅಳಿಸಿಯೇ ಹೋಗಬಹುದು. ಗುರುತಿನ ನಂಬರ್ ಅಳಿಸುವುದು, ತಿದ್ದುವುದು 1959ರ ಆಯುಧ ಕಾಯ್ದೆಯ 8ನೇ ಕಲಂ ಪ್ರಕಾರ ಅಪರಾಧ. ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಕೋವಿ ಜಮಾ ಮಾಡುವಾಗ ರಸೀದಿಗೆ ಬರೆಯುವುದೂ ಆ ನಂಬರನ್ನೇ. ಹಾಗಾಗಿ ಹೊಡೆಯುವ ಮೊದಲು ನಂಬರ್ ಮೇಲೆ ಟೇಪ್ ಹಾಕಿಸಿ, ಫೋಟೋ ತೆಗೆದಿಡಿ.

ದಪ್ಪವನ್ನೂ ಲೆಕ್ಕ ಹಾಕಿ. ಸೆರಾಮಿಕ್ ಲೇಪ ಸುಮಾರು 25 ಮೈಕ್ರಾನ್, ಪೌಡರ್ 60ಕ್ಕೂ ಹೆಚ್ಚು. ಒಂದಕ್ಕೊಂದು ಜಾರುವ ಎರಡು ಭಾಗಕ್ಕೂ ಪೌಡರ್ ಹೊಡೆದರೆ ನಡುವಿನ ಸಂದಿ 120 ಮೈಕ್ರಾನ್ ಕಿರಿದಾಗುತ್ತದೆ. ಪಿಸ್ತೂಲ್ ಜಾಮ್ ಆಗಲು ಅಷ್ಟು ಸಾಕು. ನಳಿಗೆಯ ಒಳಮೈ, ತೋಟಾ ಕೂರುವ ಮನೆ, ಟ್ರಿಗರ್ ಒಳಗಿನ ಭಾಗಗಳಿಗೆ ಯಾವ ಲೇಪವೂ ಬೇಡ.

ಕೆಲಸ ಯಾರ ಕೈಗೆ ಕೊಡುತ್ತೀರಿ ಎನ್ನುವುದೂ ಮುಖ್ಯ. ಕೋವಿ ರಿಪೇರಿ ಮಾಡಲು ಅದೇ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇಲ್ಲದ ಅಂಗಡಿಯಲ್ಲಿ ಕೋವಿ ಬಿಟ್ಟು ಬಂದರೆ ನಿಮಗೂ ತೊಂದರೆ, ಅವರಿಗೂ. ಅನುಮಾನವಿದ್ದರೆ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ಕೇಳಿಕೊಳ್ಳಿ. ತಾತನ ಕಾಲದ ಕೋವಿಗಾದರೆ ನಮ್ಮ ಸಲಹೆ ಇಷ್ಟೇ: ಎಣ್ಣೆ ಹಚ್ಚಿ, ಬಣ್ಣದ ಯೋಚನೆ ಬಿಡಿ.

ಬಣ್ಣದ ಆಸೆ ತೀರಿಸಿಕೊಳ್ಳಲು ಏರ್ ರೈಫಲ್ ಇದೆ. 0.177 ಇಂಚು, 20 ಜೂಲ್ ಮೀರದ್ದಕ್ಕೆ ಲೈಸೆನ್ಸ್ ಬೇಡ. ಸ್ಕೋಪ್ ಬಿಚ್ಚಿ. ನಳಿಗೆಯ ತುದಿ, ಬ್ರೀಚ್ ಸೀಲ್ (ನಳಿಗೆಯ ಹಿಂತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಉಂಗುರ), ನಂಬರ್, ಸ್ಕೋಪ್ ಕೂರುವ 11 ಮಿ.ಮೀ. ಹಳಿ, ಇಷ್ಟಕ್ಕೂ ಟೇಪ್ ಹಾಕಿ. ಹಳಿಗೆ ಬಣ್ಣ ಬಿದ್ದರೆ ಸ್ಪ್ರಿಂಗ್ ಹೊಡೆತಕ್ಕೆ ಸ್ಕೋಪ್ ಜಾರುತ್ತದೆ. ಲೋಹವನ್ನು 400 ನಂಬರ್ ಕಾಗದದಲ್ಲಿ ಉಜ್ಜಿ ಅಸಿಟೋನ್‌ನಿಂದ ಒರೆಸಿ. ಪ್ಲಾಸ್ಟಿಕ್ ಹಿಡಿಗೆ ಮಾತ್ರ ಐಸೋಪ್ರೊಪೈಲ್ ಆಲ್ಕೋಹಾಲ್, ಅಸಿಟೋನ್ ಅದನ್ನು ಕರಗಿಸಬಹುದು. ಇಪ್ಪತ್ತೈದು ಸೆಂ.ಮೀ. ದೂರದಿಂದ, ಹದಿನೈದು ನಿಮಿಷ ಬಿಟ್ಟು ಬಿಟ್ಟು ಮೂರು ತೆಳು ಪದರ ಸ್ಪ್ರೇ ಮಾಡಿ. ಜುಲೈ ಸಂಜೆ ಬಾಲ್ಕನಿಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ: ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಹಾಲಿನಂತೆ ಬಿಳುಚುತ್ತದೆ. ಒಣ ದಿನ, ಹನ್ನೊಂದರಿಂದ ಮೂರರೊಳಗೆ ಮುಗಿಸಿ. ವಾರ ಬಿಟ್ಟು ಸ್ಕೋಪ್ ಕೂರಿಸಿ, ಹತ್ತು ಮೀಟರ್‌ನಲ್ಲಿ ಗುರಿ ಹೊಸದಾಗಿ ಹೊಂದಿಸಿಕೊಳ್ಳಿ.