500 ಡಾಲರ್ ಆಸುಪಾಸಿನಲ್ಲಿ ಇಡೀ ಗಾಲ್ಫ್ ಬ್ಯಾಗ್: ಹೊಸ ಕ್ಲಬ್‌ಗಳ ಬೆಲೆ ನೋಡಿ ಹಿಂದೆ ಸರಿದವರಿಗೆ

ಯುಗಾದಿ ಊಟಕ್ಕೆ ಮನೆಗೆ ಬಂದಿದ್ದ ಹುಡುಗನೊಬ್ಬ ಒಬ್ಬಟ್ಟು ಮುರಿಯುತ್ತಾ ಕೇಳಿದ: "ಅಕ್ಕಾ, ಗಾಲ್ಫ್ ಶುರು ಮಾಡ್ಬೇಕು ಅಂತ ಆಸೆ. ಆದ್ರೆ ಒಂದು ಡ್ರೈವರ್‌ಗೇ 600 ಡಾಲರ್ ಅಂತೆ. ನಮ್ಮಂಥವರಿಗೆಲ್ಲ ಅಲ್ಲ ಬಿಡಿ ಇದು."

ಅವನು ಹೇಳಿದ ಬೆಲೆ ಸುಳ್ಳಲ್ಲ. ಗಾಲ್ಫ್‌ನಲ್ಲಿ ಬಾಲ್ ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ, ಅವುಗಳಲ್ಲಿ ಅತಿ ದೂರ ಹೊಡೆಯುವುದು ಡ್ರೈವರ್. 2024ರಲ್ಲಿ ಟೇಲರ್‌ಮೇಡ್‌ನ ಕ್ಯೂಐ10 ಡ್ರೈವರ್ ಬಂದಾಗ ಬೆಲೆ 599 ಡಾಲರ್. ಕ್ಯಾಲವೇ ಕಂಪನಿಯ ಅದೇ ವರ್ಷದ ಡ್ರೈವರ್ ಕೂಡ 599. ಟೈಟ್ಲಿಸ್ಟ್‌ನ ಜಿಟಿ ಡ್ರೈವರ್‌ಗೆ 649. ಇದರ ಜೊತೆ ಮಧ್ಯಮ ದೂರಕ್ಕೆ ಐರನ್ ಸೆಟ್, ಹತ್ತಿರದ ಹೊಡೆತಕ್ಕೆ ವೆಜ್, ಬಾಲನ್ನು ಗುಳಿಗೆ ಉರುಳಿಸಲು ಪಟರ್, ಬ್ಯಾಗ್ ಎಲ್ಲ ಹೊಸದೇ ಬೇಕು ಅಂದರೆ 2,500 ಡಾಲರ್ ಆರಾಮಾಗಿ ದಾಟುತ್ತದೆ.

ನಾನು ತಿಪಟೂರಿನವಳು. ಈಗ ಇರುವುದು ಒಹಾಯೊದ ಡಬ್ಲಿನ್‌ನಲ್ಲಿ. ಹಿಂದಿನ ಗಾಲ್ಫ್ ಚಾಂಪಿಯನ್ ಜ್ಯಾಕ್ ನಿಕ್ಲಾಸ್ ಕಟ್ಟಿಸಿದ ಮ್ಯೂರ್‌ಫೀಲ್ಡ್ ವಿಲೇಜ್ ಗಾಲ್ಫ್ ಮೈದಾನ ಇಲ್ಲೇ ಇದೆ. ಆದರೆ ಅದರೊಳಗೆ ನಾನು ಕಾಲಿಟ್ಟಿರುವುದು ಟಿಕೆಟ್ ತಗೊಂಡು ಮೆಮೋರಿಯಲ್ ಟೂರ್ನಿ ನೋಡಲು ಮಾತ್ರ. ಆಡುವುದು ಕೊಲಂಬಸ್ ನಗರಸಭೆಯ ಕೋರ್ಸ್‌ಗಳಲ್ಲಿ, ಅಂದರೆ ಗಾಲ್ಫ್ ಮೈದಾನಗಳಲ್ಲಿ. ಏರ್‌ಪೋರ್ಟ್ ಅನ್ನುವ ಕೋರ್ಸ್ ನನಗೆ ಇಷ್ಟ. ಹೆಸರಿಗೆ ತಕ್ಕಂತೆ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ನಾನು ಕೆಟ್ಟದಾಗಿ ಹೊಡೆದಾಗ ವಿಮಾನದ ಸದ್ದಿನ ಮೇಲೆ ತಪ್ಪು ಹೊರಿಸಬಹುದು.

ಬೆಲೆ ಜಾಸ್ತಿ ಆಗಿ ಜನ ಆಟ ಬಿಟ್ಟರಾ? ಲೆಕ್ಕ ನೋಡಿದರೆ ಹಾಗೆ ಕಾಣುವುದಿಲ್ಲ. ಅಮೆರಿಕದ ನ್ಯಾಷನಲ್ ಗಾಲ್ಫ್ ಫೌಂಡೇಶನ್ ಪ್ರಕಾರ ಕೋರ್ಸ್‌ಗೆ ಹೋಗಿ ಆಡುವವರು 2019ರಲ್ಲಿ ಸುಮಾರು 2.4 ಕೋಟಿ ಇದ್ದರು. 2024ರಲ್ಲಿ 2.8 ಕೋಟಿ. ಈಗಾಗಲೇ ಆಡುವವರಿಗೆ ಬೆಲೆಯ ಚೀಟಿ ಓದೋದು ಗೊತ್ತು, ಅವರು ವರ್ಷ ವರ್ಷ ಹೊಸದು ಕೊಳ್ಳುವುದಿಲ್ಲ. ಹೆದರಿ ವಾಪಸ್ ಹೋಗುವವನು ಅಂಗಡಿಗೆ ಮೊದಲ ಸಲ ಬಂದವನು. ಬಾಗಿಲ ಹತ್ತಿರವೇ ಅತಿ ದುಬಾರಿ ಡ್ರೈವರ್ ಸಾಲಾಗಿ ನಿಲ್ಲಿಸಿರುತ್ತಾರೆ. ಹಳೆಯ ಕ್ಲಬ್‌ಗಳ ಸ್ಟ್ಯಾಂಡ್ ಹಿಂದಿನ ಮೂಲೆಯಲ್ಲಿ. ನೀವು ನೇರ ಆ ಮೂಲೆಗೆ ಹೋಗಿ.

ಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ. ನಿಯಮದ ಪ್ರಕಾರ ಬ್ಯಾಗ್‌ನಲ್ಲಿ ಗರಿಷ್ಠ 14 ಕ್ಲಬ್. ಅಮೆರಿಕದಲ್ಲಿ 1938ರಿಂದ ಹೀಗಿದೆ. ಅದಕ್ಕೂ ಮುಂಚೆ ಕೆಲವರು ಇಪ್ಪತ್ತು ಇಪ್ಪತ್ತೈದು ಹೊರಿಸಿಕೊಂಡು ಹೋಗುತ್ತಿದ್ದರು, ಪಾಪ ಬ್ಯಾಗ್ ಹೊರುವ ಕ್ಯಾಡಿಗಳು. ಕನಿಷ್ಠ ಇಷ್ಟೇ ಇರಬೇಕು ಅಂತ ಮಾತ್ರ ಎಲ್ಲೂ ಇಲ್ಲ. ಮೊದಲ ವರ್ಷ ನಾನು ಎಂಟರಲ್ಲಿ ಆಡಿದೆ: ಡ್ರೈವರ್, ಒಂದು ಹೈಬ್ರಿಡ್ (ಡ್ರೈವರ್‌ಗೂ ಐರನ್‌ಗೂ ಮಧ್ಯದ್ದು), 6, 8 ಮತ್ತು 9ರ ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಯಾರೂ ಬೈಯಲಿಲ್ಲ. ಆಯ್ಕೆ ಕಡಿಮೆ ಇದ್ದದ್ದೇ ಒಳ್ಳೆಯದಾಯಿತು, ತಲೆ ಕೆಡಲಿಲ್ಲ.

ಡ್ರೈವರ್: ಹಳೆಯದು ಯಾಕೆ ಸಾಕು

ಪ್ರತಿ ಜನವರಿ ಆಸುಪಾಸಿನಲ್ಲಿ ಹೊಸ ಮಾಡೆಲ್ ಬರುತ್ತದೆ. ಟೇಲರ್‌ಮೇಡ್ ಒಂದನ್ನೇ ನೋಡಿ. 2020ರಲ್ಲಿ ಸಿಮ್, 2021ರಲ್ಲಿ ಸಿಮ್2, 2022ರಲ್ಲಿ ಸ್ಟೆಲ್ತ್, 2023ರಲ್ಲಿ ಸ್ಟೆಲ್ತ್ 2, 2024ರಲ್ಲಿ ಕ್ಯೂಐ10, 2025ರಲ್ಲಿ ಕ್ಯೂಐ35. ಪ್ರತಿ ಸಲವೂ ಇನ್ನೂ ದೂರ ಹೋಗುತ್ತದೆ ಅನ್ನುವ ಜಾಹೀರಾತು. ಹಾಗೆ ವರ್ಷಕ್ಕೆ ಹತ್ತು ಗಜ ಜಾಸ್ತಿ ಆಗಿದ್ದಿದ್ದರೆ ನನ್ನ ಬಾಲ್ ಈಗ ಪಕ್ಕದ ರಾಜ್ಯ ಇಂಡಿಯಾನಾಗೆ ಬೀಳಬೇಕಿತ್ತು.

ಯಾಕೆ ಬೀಳುವುದಿಲ್ಲ ಅಂದರೆ ನಿಯಮ ಬಿಡುವುದಿಲ್ಲ. ಡ್ರೈವರ್ ತಲೆ 460 ಸಿಸಿಗಿಂತ ದೊಡ್ಡದು ಇರುವಂತಿಲ್ಲ. ಅರ್ಧ ಲೀಟರ್ ನಂದಿನಿ ಪ್ಯಾಕೆಟ್‌ಗಿಂತ ಸ್ವಲ್ಪ ಕಡಿಮೆ ಅನ್ನಿ. ಇನ್ನೊಂದು ಮಿತಿ ಬಾಲ್‌ಗೆ ತಾಗುವ ಮುಖದ ತೆಳು ಲೋಹ ಎಷ್ಟು ಸ್ಪ್ರಿಂಗ್ ಥರ ಚಿಮ್ಮಬಹುದು ಅನ್ನೋದಕ್ಕೆ. ಒಂದು ಪುಟ್ಟ ಲೋಲಕವನ್ನು ಮುಖಕ್ಕೆ ಬಡಿಸಿ, ಅದು ಎಷ್ಟು ಹೊತ್ತು ತಾಗಿಕೊಂಡಿರುತ್ತದೆ ಅಂತ ಅಳೆಯುತ್ತಾರೆ. ಮಿತಿ 239 ಮೈಕ್ರೊಸೆಕೆಂಡ್, ಮೇಲೆ 18ರ ರಿಯಾಯಿತಿ. ಈ ಎರಡೂ ಮಿತಿ ಬಂದದ್ದು 2004ರ ಸುಮಾರಿಗೆ. ದೊಡ್ಡ ಕಂಪನಿಗಳು ಅಲ್ಲಿಗೆ ಮುಟ್ಟಿ ಬಹಳ ಕಾಲವಾಯಿತು. ಆಮೇಲೆ ಸುಧಾರಿಸಿದ್ದು ಮುಖ್ಯವಾಗಿ ಒಂದೇ: ಮುಖದ ಮಧ್ಯಕ್ಕೆ ತಾಗದೆ ಅಂಚಿಗೆ ತಾಗಿದರೂ ಬಾಲ್ ತುಂಬಾ ಹಾಳಾಗುವುದಿಲ್ಲ. ಅದು ನಿಜವಾಗಲೂ ಉಪಯೋಗದ ಸುಧಾರಣೆ, ಇಲ್ಲ ಅನ್ನಲಾರೆ. ಆದರೆ ಆ ಗುಣ ಐದಾರು ವರ್ಷ ಹಳೆಯ ಡ್ರೈವರ್‌ನಲ್ಲೂ ಬೇಕಾದಷ್ಟಿದೆ.

ಹುಡುಗನಿಗೆ ಕೊಡಿಸಿದ್ದು ಪಿಂಗ್ ಕಂಪನಿಯ 2017ರ ಜಿ400. ಮೇಲ್ಭಾಗದಲ್ಲಿ ಒಂದು ಗೀರು ಇತ್ತು, ಹಿಂದಿನವರು ಟೀಯನ್ನು (ಬಾಲ್ ಇಡುವ ಪುಟ್ಟ ಕಡ್ಡಿ) ಜಾಸ್ತಿ ಎತ್ತರಕ್ಕೆ ಚುಚ್ಚಿ ಹೊಡೆದದ್ದಿರಬೇಕು. ಬಣ್ಣದ ಗೀರು ಅಷ್ಟೇ, ಆಟಕ್ಕೆ ತೊಂದರೆ ಇಲ್ಲ. ಆ ಗೀರಿನಿಂದಲೇ 130 ಡಾಲರ್‌ಗೆ ಬಂತು.

ಐರನ್: ನಂಬರ್ ನಂಬಬೇಡಿ

ಅಂಗಡಿಯಲ್ಲಿ ಹೊಸ 7 ಐರನ್ ಕೊಟ್ಟು ಹೊಡೆಸುತ್ತಾರೆ. ಪರದೆಯ ಮೇಲೆ ನಿಮ್ಮ ಹಳೆಯದಕ್ಕಿಂತ ಹನ್ನೆರಡು ಗಜ ಮುಂದೆ ಬೀಳುತ್ತದೆ. ಖುಷಿಯಾಗಿ ಕಾರ್ಡ್ ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳಿ: "ಇದರ ಲಾಫ್ಟ್ ಎಷ್ಟು?" ಲಾಫ್ಟ್ ಅಂದರೆ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವ ಕೋನ. ಲಾಫ್ಟ್ ಕಡಿಮೆಯಾದಷ್ಟೂ, ಐರನ್‌ನ ನಂಬರ್ ಚಿಕ್ಕದಾದಷ್ಟೂ ಬಾಲ್ ದೂರ ಹೋಗುತ್ತದೆ. 1990ರ ದಶಕದಲ್ಲಿ 7 ಐರನ್ 34–35 ಡಿಗ್ರಿ ಇರುತ್ತಿತ್ತು. ಇವತ್ತು ಹೊಸಬರಿಗೆ ಮಾರುವ ಎಷ್ಟೋ ಸೆಟ್‌ಗಳಲ್ಲಿ 28–30. ಅಂದರೆ ಹಳೆಯ 6ನ್ನೋ 5ನ್ನೋ ತಂದು 7 ಅಂತ ಕೆತ್ತಿದ್ದಾರೆ. ಅದರಲ್ಲಿ ಮೋಸ ಇದೆ ಅಂತಲ್ಲ. ಹೊಸ ವಿನ್ಯಾಸದಲ್ಲಿ ಬಾಲ್ ಸುಲಭವಾಗಿ ಮೇಲೇಳುತ್ತದೆ, ಅದಕ್ಕೇ ಲಾಫ್ಟ್ ಇಳಿಸಿದ್ದಾರೆ. ಆದರೆ ಹನ್ನೆರಡು ಗಜಕ್ಕೆ ಸಾವಿರ ಡಾಲರ್ ಕೊಡುವ ಮುಂಚೆ ಇದು ಗೊತ್ತಿರಬೇಕು, ಅಲ್ವಾ?

ಇದರ ಬಾಲ ಇನ್ನೊಂದಿದೆ. ಹೊಸ ಸೆಟ್‌ನ ಪಿಚಿಂಗ್ ವೆಜ್ 43–44 ಡಿಗ್ರಿಗೆ ಇಳಿದಿದೆ. ಸ್ಯಾಂಡ್ ವೆಜ್ ಮಾತ್ರ ಅದೇ 54–56ರಲ್ಲಿದೆ. ಮಧ್ಯೆ ಅಷ್ಟು ದೊಡ್ಡ ಕಂದಕ. ಅದನ್ನು ತುಂಬಲು ಇನ್ನೊಂದು ವೆಜ್ ಕೊಳ್ಳಬೇಕು, ಇನ್ನೊಂದು ಬಿಲ್ಲು. ಹಳೆಯ ಸೆಟ್ ಕೊಳ್ಳುವಾಗಲೂ ಇದನ್ನು ನೋಡಿ. ಬಿಡಿಬಿಡಿಯಾಗಿ ಆರಿಸಬೇಡಿ, ಒಂದೇ ಸೆಟ್‌ನವು ಇರಲಿ. ಕಂಪನಿ ಹೆಸರು ಮತ್ತು ಮಾಡೆಲ್ ಹುಡುಕಿದರೆ ಲಾಫ್ಟ್ ಪಟ್ಟಿ ಸಿಗುತ್ತದೆ.

ಪಿಂಗ್ ಐರನ್‌ಗಳಲ್ಲಿ ಒಂದು ಬಣ್ಣದ ಚುಕ್ಕೆ ಇರುತ್ತದೆ. ಅದನ್ನು ಕಡೆಗಣಿಸಬೇಡಿ. ಕಪ್ಪು ಚುಕ್ಕೆ ಮಾಮೂಲಿ. ನೀಲಿ ಅಂದರೆ ಶಾಫ್ಟ್ (ಕ್ಲಬ್‌ನ ದಂಡ) ಸ್ವಲ್ಪ ಜಾಸ್ತಿ ನೆಟ್ಟಗೆ ನಿಲ್ಲುತ್ತದೆ, ಉದ್ದದವರಿಗೆ. ಕೆಂಪು ಅಂದರೆ ಸ್ವಲ್ಪ ಮಲಗಿದ ಹಾಗೆ, ಕುಳ್ಳಗಿರುವವರಿಗೆ. ಹುಡುಗ ಆರಡಿ ಮೀರಿದ್ದಾನೆ. 2013ರ ಜಿ25 ಸೆಟ್ ನೀಲಿ ಚುಕ್ಕೆಯದು 220 ಡಾಲರ್‌ಗೆ ಸಿಕ್ಕಿತು. ಅದಕ್ಕಾಗಿ ಮೂರು ಶನಿವಾರ ಸುತ್ತಿದೆವು.

ಹೆಂಗಸರಿಗೆ ಒಂದು ಮಾತು. ನಾನು ಐದಡಿ ಎರಡಿಂಚು. ಗಂಡಸರ ಡ್ರೈವರ್ ಈಗ ನಲವತ್ತೈದೂವರೆ ಇಂಚು ಉದ್ದ. ಹೆಂಗಸರ ಸೆಟ್ ಅಂತ ಪ್ರತ್ಯೇಕ ಸಿಗುತ್ತದೆ, ಒಂದಿಂಚು ಕಡಿಮೆ ಉದ್ದ, ಹಗುರವಾದ ಶಾಫ್ಟ್, ಜೊತೆಗೆ ಯಾಕೋ ಗೊತ್ತಿಲ್ಲ ಗುಲಾಬಿ ಬಣ್ಣ. ಸೆಕೆಂಡ್ ಹ್ಯಾಂಡ್‌ನಲ್ಲಿ ಅವು ಕಡಿಮೆ. ಸೀನಿಯರ್ ಫ್ಲೆಕ್ಸ್ ಅಂತ ಬರೆದ ಗಂಡಸರ ಕ್ಲಬ್ ನೋಡಿ. ಶಾಫ್ಟ್ ಮೆತ್ತಗಿರುತ್ತದೆ. ಒಂದಿಂಚು ಕೆಳಗೆ ಹಿಡಿದರೆ ಆಯಿತು. ನಾನು ಮೊದಲು ಗಟ್ಟಿಯಾದ ಸ್ಟಿಫ್ ಶಾಫ್ಟ್ ತಗೊಂಡು ಒಂದಿಡೀ ಬೇಸಿಗೆ ಬಾಲನ್ನು ಮೊಣಕಾಲೆತ್ತರದಲ್ಲೇ ಓಡಿಸಿದೆ.

ಎಲ್ಲಿ, ಯಾವಾಗ

ಕ್ಯಾಲವೇ ತಾನೇ ಹಳೆಯ ಕ್ಲಬ್ ಮಾರುವ ಒಂದು ತಾಣ ನಡೆಸುತ್ತದೆ. ಗ್ಲೋಬಲ್ ಗಾಲ್ಫ್, ಸೆಕೆಂಡ್ ಸ್ವಿಂಗ್‌ನಂಥವೂ ಇವೆ. ಇಲ್ಲಿ ಬೆಲೆ ಸ್ವಲ್ಪ ಜಾಸ್ತಿ, ಆದರೆ ನಕಲಿ ಭಯ ಇಲ್ಲ. ಕೊಳ್ಳುವ ಮುಂಚೆ ಎಷ್ಟು ದಿನದೊಳಗೆ ವಾಪಸ್ ಕೊಡಬಹುದು ಅಂತ ಓದಿಕೊಳ್ಳಿ. ದಾನ ಬಂದ ಹಳೆಯ ಸಾಮಾನು ಮಾರುವ ಗುಡ್‌ವಿಲ್ ಅಂಗಡಿಯಲ್ಲಿ ಪಟರ್ ಹುಡುಕಿ. ಮನೆ ಸಾಮಾನೆಲ್ಲ ಮಾರಿ ಖಾಲಿ ಮಾಡುವ ಎಸ್ಟೇಟ್ ಸೇಲ್‌ಗಳಲ್ಲೂ ನೋಡಿ, ಗ್ಯಾರೇಜ್ ಮೂಲೆಯಲ್ಲಿ ಒಂದು ಬ್ಯಾಗ್ ನಿಂತಿರುತ್ತದೆ. ಹೊಸದೇ ಬೇಕು ಅನ್ನುವ ಹಟ ಇದ್ದರೆ ಕಾಸ್ಟ್‌ಕೊ ಅಂಗಡಿಯ ಸ್ವಂತ ಬ್ರ್ಯಾಂಡ್ ಕರ್ಕ್‌ಲ್ಯಾಂಡ್ ಐರನ್ ಸೆಟ್ 499 ಡಾಲರ್‌ಗೆ ಬಂದಿತ್ತು. ಕೆಟ್ಟದ್ದಲ್ಲ.

ಒಹಾಯೊದಲ್ಲಿ ನವೆಂಬರ್‌ಗೆ ಆಟ ಮುಗಿಯುತ್ತದೆ. ಆಗ ಜನ ಗ್ಯಾರೇಜ್ ಖಾಲಿ ಮಾಡುತ್ತಾರೆ. ಜನವರಿಯಲ್ಲಿ ಹೊಸ ಮಾಡೆಲ್ ಬಂದಾಗ ಹೋದ ವರ್ಷದ ಡ್ರೈವರ್ ದಿಢೀರ್ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು ಬಿದ್ದ ಮೊದಲ ಶನಿವಾರ ಮಾತ್ರ ಅಂಗಡಿಗೆ ಹೋಗಬೇಡಿ.

ಕೈಯಲ್ಲಿ ಹಿಡಿದಾಗ

ತಲೆಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಏನೋ ಬಿಟ್ಟುಕೊಂಡಿದೆ. ಮುಖದ ಮೇಲೆ ಉಗುರು ಎಳೆಯಿರಿ, ಕೂದಲೆಳೆಯಷ್ಟು ಬಿರುಕು ಇದ್ದರೂ ಸಿಕ್ಕಿಕೊಳ್ಳುತ್ತದೆ. ವೆಜ್‌ನ ಮುಖದಲ್ಲಿ ಕೊರೆದ ಗೀರುಗಳಲ್ಲಿ ಉಗುರು ನಿಲ್ಲಬೇಕು. ಜಾರಿದರೆ ಸವೆದಿದೆ ಅಂತ. ಸ್ಟೀಲ್ ಶಾಫ್ಟನ್ನು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಸೊಟ್ಟ ಇದ್ದರೆ ಕಾಣುತ್ತದೆ. ಗ್ರಾಫೈಟ್ ಶಾಫ್ಟ್ ಆದರೆ ತಲೆ ಹಿಡಿದು ಮೆಲ್ಲಗೆ ತಿರುಚಿ. ಚಟಚಟ ಸದ್ದು ಬಂದರೆ ಕೆಳಗಿಟ್ಟು ಬನ್ನಿ.

ಜೇಬಲ್ಲಿ ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದು ಇರಲಿ. ಟೈಟಾನಿಯಂಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಟೈಟಾನಿಯಂ ಅಂತ ಮಾರುವ ಡ್ರೈವರ್ ಮುಖಕ್ಕೆ ಅಂಟಿದರೆ ಅದು ನಕಲಿ. ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಕತ್ತಿನ ಹತ್ತಿರ ಸೀರಿಯಲ್ ನಂಬರ್ ಇದೆಯಾ ನೋಡಿ. ಇದನ್ನು ನಾನು ಕಲಿತದ್ದು 120 ಡಾಲರ್ ಕಳೆದುಕೊಂಡು. ಅಪರಿಚಿತರೊಬ್ಬರು ಪಾರ್ಕಿಂಗ್‌ನಲ್ಲಿ ಡಿಕ್ಕಿ ತೆಗೆದು ತೋರಿಸಿದರು. "ಎರಡೇ ಸಲ ಬಳಸಿದ್ದು" ಅಂದರು. ಮೂರನೇ ಸಲಕ್ಕೆ ನನ್ನ ಕೈಯಲ್ಲಿ ಬಣ್ಣ ಸಿಪ್ಪೆ ಸುಲಿದ ಹಾಗೆ ಎದ್ದು ಬಂತು.

ಗ್ರಿಪ್ ನೀವೇ ಹಾಕಿ

ಹಳೆಯ ಕ್ಲಬ್ ಹಳೆಯದು ಅನ್ನಿಸುವುದು ಗ್ರಿಪ್‌ನಿಂದ, ಅಂದರೆ ಕೈಯಲ್ಲಿ ಹಿಡಿಯುವ ರಬ್ಬರ್ ಕವಚದಿಂದ. ರಬ್ಬರ್ ಗಟ್ಟಿಯಾಗಿ ನುಣುಪಾಗಿರುತ್ತದೆ. ಹೊಸದು ಒಂದಕ್ಕೆ ಏಳೆಂಟು ಡಾಲರ್. ಕೂಲಿ ಉಳಿಸಲು ಗ್ಯಾರೇಜ್‌ನಲ್ಲೇ ಮಾಡಿಕೊಳ್ಳಬಹುದು.

ಕೊಕ್ಕೆ ಬ್ಲೇಡ್‌ನಿಂದ ಹಳೆಯ ಗ್ರಿಪ್ ಸೀಳಿ ತೆಗೆಯಿರಿ, ಬ್ಲೇಡ್ ನಿಮ್ಮ ಕಡೆಗಲ್ಲ, ಆಚೆ ಕಡೆಗೆ ಹೋಗಲಿ. ಗ್ರಾಫೈಟ್ ಆದರೆ ಶಾಫ್ಟ್‌ಗೆ ಗೀರು ಬೀಳದಂತೆ ಹುಷಾರು. ಹಳೆಯ ಟೇಪ್ ಪೂರ್ತಿ ಕೀಳಿ. ಎರಡೂ ಕಡೆ ಅಂಟುವ ಗ್ರಿಪ್ ಟೇಪ್ ಉದ್ದಕ್ಕೆ ಸುತ್ತಿ, ತುದಿಯಲ್ಲಿ ಅರ್ಧ ಇಂಚು ಬಿಟ್ಟು ಒಳಗೆ ಮಡಚಿ. ಹೊಸ ಗ್ರಿಪ್‌ನ ಮುಚ್ಚಿದ ತುದಿಯ ಪುಟ್ಟ ತೂತಿಗೆ ಬೆರಳಿಟ್ಟು ಒಳಗೆ ಮಿನರಲ್ ಸ್ಪಿರಿಟ್ (ಬಣ್ಣ ತೆಳುವಾಗಿಸುವ ದ್ರವ) ಸುರಿಯಿರಿ. ಕುಲುಕಿ. ಅದನ್ನೇ ಟೇಪ್ ಮೇಲೂ ಸುರಿಯಿರಿ, ಕೆಳಗೆ ಒಂದು ಹಳೆಯ ತಟ್ಟೆ ಇರಲಿ. ಆಮೇಲೆ ಒಂದೇ ಉಸಿರಿಗೆ ಕೊನೆಯವರೆಗೂ ತಳ್ಳಿ. ಇಲ್ಲಿ ಜಿಪುಣತನ ಬೇಡ. ಮೊದಲ ಸಲ ನಾನು ಒಗ್ಗರಣೆಗೆ ಎಣ್ಣೆ ಹಾಕಿದ ಹಾಗೆ ಒಂದೆರಡು ಚಮಚ ಹಾಕಿದೆ. ಗ್ರಿಪ್ ಅರ್ಧದಲ್ಲಿ ಕೂತುಬಿಟ್ಟಿತು. ನಾನು ಮೇಲಿಂದ, ನನ್ನ ಗಂಡ ಕೆಳಗಿಂದ ಎಳೆದೆವು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಕೊನೆಗೆ ಹೊಸ ಗ್ರಿಪ್ಪನ್ನೇ ಸೀಳಬೇಕಾಯಿತು. ಬಾಗಿಲು ತೆರೆದಿಟ್ಟು ಮಾಡಿ, ಹತ್ತಿರ ಬೆಂಕಿ ಬೇಡ. ಒಂದು ರಾತ್ರಿ ಒಣಗಲು ಬಿಡಿ.

ಹುಡುಗನ ಲೆಕ್ಕ ಹೀಗಾಯಿತು: ಡ್ರೈವರ್ 130, ಐರನ್ 220, ಹೈಬ್ರಿಡ್ 40, ಕ್ಲೀವ್‌ಲ್ಯಾಂಡ್ ಕಂಪನಿಯ ಸ್ಯಾಂಡ್ ವೆಜ್ 33, ಒಡಿಸ್ಸಿ ಕಂಪನಿಯ ಪಟರ್ 40, ಬ್ಯಾಗ್ 25. ಒಟ್ಟು 488. ಗ್ರಿಪ್ ಸೇರಿ 540ರ ಹತ್ತಿರ ಹೋಯಿತು. ಉಳಿದ ಹಣದಲ್ಲಿ ಎರಡು ಪಾಠ ತಗೋ ಅಂದೆ. ಪಟಿಂಗ್ ಜಾಸ್ತಿ ಕಲಿ ಅಂತಲೂ ಹೇಳಿದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರಲ್ಲ, ಅಲ್ಲಿದ್ದವರಲ್ಲಿ ಡ್ರೈವರ್ ಹೊಡೆತ ತೀರಾ ಕಡಿಮೆ ದೂರ ಹೋಗುತ್ತಿದ್ದವರಲ್ಲಿ ಅವರೂ ಒಬ್ಬರು. ಬ್ಯಾಗ್ ಹೊತ್ತದ್ದು ಅವರ ಅಮ್ಮ. ಅವರನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದದ್ದು ಪಟರ್.

ಮೇ ತಿಂಗಳಲ್ಲಿ ಅವನನ್ನು ಏರ್‌ಪೋರ್ಟ್ ಕೋರ್ಸ್‌ಗೆ ಕರೆದುಕೊಂಡು ಹೋದೆ. ಬ್ಯಾಗ್ ಚೆನ್ನಾಗಿತ್ತು, ಗ್ರಿಪ್ ನೆಟ್ಟಗಿತ್ತು. ಮೊದಲ ಹೋಲ್ ಶುರುವಾಗುವ ಜಾಗದಲ್ಲಿ ಅವನು ಜೇಬಿನಿಂದ ಹೊಚ್ಚ ಹೊಸ ಪ್ರೊ ವಿ1 ಬಾಲ್ ತೆಗೆದ. ಡಜನ್‌ಗೆ 55 ಡಾಲರ್‌ನದು. ಕ್ಲಬ್‌ನಲ್ಲಿ ಉಳಿತಾಯ ಆಯ್ತಲ್ಲಕ್ಕಾ ಅಂದ. 9 ಹೋಲ್ ಮುಗಿಯುವಷ್ಟರಲ್ಲಿ ಏಳು ಬಾಲ್ ನೀರಿಗೂ ಪೊದೆಗೂ ಹೋಗಿದ್ದವು. ಮುಂದಿನ ವಾರ ಕೆರೆಯಿಂದ ಹೆಕ್ಕಿ ಮಾರುವ ಬಾಲ್ ತರಲು ಇಬ್ಬರೂ ಹೋಗುತ್ತಿದ್ದೇವೆ.